ಬೀಗರ ಬಾವಿಯ ಪಾನಕ

ಕುರುಗೋಡಿನ ಬೀಗರ ಮನೆಯಲ್ಲಿ ಕುಡಿದಂಥ ಪಾನಕವನ್ನು ನಾನು ಮತ್ತೆ ಎಲ್ಲಿಯೂ ಕುಡಿದಿಲ್ಲ. ಹೀಗೆಂದರೆ ಮನೆಯ ಹುಡುಗರು ನಗುತ್ತಾರೆ. ಆ ಪಾನಕ ಕುಡಿದೇ ಅಲ್ಲವೇ ಅಜ್ಜಿ, ಊರಿಗೆ ಊರೇ ಕಾಲು ಮೇಲೆ ಮಾಡಿ ಮಲಗಿದ್ದು ಎಂದು ಕಾಡಿಸುತ್ತಾರೆ. ಹೌದು, ಮಲಗಿದ್ದೆವು. ನಾನೂ ಮಲಗಿದ್ದೆ. ಆದರೆ ನಾಲಿಗೆಗೆ ಅದೆಲ್ಲ ಏನು ಗೊತ್ತು? ವೈಶಾಖದ ಬಿಸಿಲಿನಲ್ಲಿ ದಿನವಿಡೀ ಬಂಡಿಯಲ್ಲಿ ಕುಲುಕಾಡಿ, ಧೂಳು ತಿಂದು, ಗಂಟಲು ಒಣಗಿಸಿಕೊಂಡು ಇಳಿದವರ ಕೈಗೆ ಹಿತ್ತಾಳೆಯ ಲೋಟ ಬಂದಿತ್ತು. ಬೆಲ್ಲ, ಒಣಶುಂಠಿ, ಏಲಕ್ಕಿ, ಒಂದಿಷ್ಟು ನಿಂಬೆಹುಳಿ. ಅದಕ್ಕಿಂತ ಹೆಚ್ಚಾಗಿ ಆ ನೀರಿನ ತಂಪು. ಹಲ್ಲು ಜುಮ್ಮೆಂದಿತ್ತು. ಈಗ ನೆನೆದರೂ ಬಾಯಲ್ಲಿ ನೀರೂರುತ್ತದೆ, ಕಾಲಿನ ಹಳೆಯ ಕಲೆಯೂ ಒಂದಿಷ್ಟು ತುರಿಸುತ್ತದೆ.

ನಾನು ದಾಕ್ಷಾಯಣಮ್ಮ, ಸಿರುಗುಪ್ಪದ ಮರಿಬಸಪ್ಪನವರ ಮನೆಯ ಹಿರಿಯ ಸೊಸೆ. ನನ್ನ ಯಜಮಾನರು ಚಿದಾನಂದಪ್ಪನವರು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಜವಳಿ ಅಂಗಡಿಯಲ್ಲಿದ್ದರು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮನೆಯಲ್ಲಿ ಮಾವ, ಅತ್ತೆ ಹಂಪಮ್ಮನವರು, ಮೈದುನಂದಿರು ಇಬ್ಬರು. ದೊಡ್ಡವನು ಎರ್ರಿಸ್ವಾಮಿ, ಗದ್ದೆ ನೋಡಿಕೊಳ್ಳುತ್ತಿದ್ದ. ಸಣ್ಣವನು ಮೈಲಾರಪ್ಪ, ಇನ್ನೂ ಓದುತ್ತಿದ್ದ. ಮನೆಯ ಆಡಳಿತವೆಲ್ಲ ಅತ್ತೆಯದು. ಮಾವನವರದು ಲಿಂಗಪೂಜೆ, ಊಟ, ಕಟ್ಟೆಯ ಮೇಲಿನ ಮಾತು, ಇಷ್ಟೇ.

ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ರಜಾಕಾರರ ಗದ್ದಲ ಅಡಗಿದ ಮೇಲೆ ಜನಕ್ಕೆ ಮದುವೆ ಮುಂಜಿಯ ನೆನಪಾಯಿತು. ನಮ್ಮ ಅತ್ತೆಯೂ ಎರ್ರಿಸ್ವಾಮಿಗೆ ಹೆಣ್ಣು ಹುಡುಕಲು ಹೊರಟರು. ಅವರು ಹೆಣ್ಣು ನೋಡುವುದೆಂದರೆ ಕಾಲು ನೋಡುವುದು. ಮುಖ ಆಮೇಲೆ. ಸಿರುಗುಪ್ಪದ ನಾವು ತುಂಗಭದ್ರೆಯ ನೀರು ಕುಡಿಯುವವರು, ನಮ್ಮಲ್ಲಿ ನಾರುಹುಣ್ಣು ಇರಲಿಲ್ಲ. ಬಾವಿ ನೀರಿನ ಊರುಗಳಲ್ಲಿ ಬೇಸಿಗೆ ಬಂತೆಂದರೆ ಮನೆಗೊಬ್ಬರು ಕುಂಟುತ್ತಿದ್ದರು. ಈಗಿನವರಿಗೆ ನಾರುಹುಣ್ಣು ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಮೊದಲು ಕಾಲಿನಲ್ಲೊಂದು ಬೊಬ್ಬೆ ಏಳುತ್ತದೆ, ಕೆಂಡ ಇಟ್ಟ ಹಾಗೆ ಉರಿಯುತ್ತದೆ. ಬೊಬ್ಬೆ ಒಡೆದರೆ ಒಳಗಿನಿಂದ ಬಿಳಿ ನೂಲಿನಂಥ ಹುಳುವಿನ ತುದಿ ಇಣುಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು, ಕೀವಾಗಿ, ಮನುಷ್ಯ ಹೈರಾಣಾಗುತ್ತಾನೆ. ಎಲ್ಲ ಮುಗಿದ ಮೇಲೆ ಅಲ್ಲೊಂದು ದುಂಡನೆಯ ಕಲೆ ಉಳಿಯುತ್ತದೆ. ಅತ್ತೆ ಹುಡುಕುತ್ತಿದ್ದದ್ದು ಅದನ್ನೇ. ನಾನು ರಾರಾವಿಯವಳು, ಹೊಳೆಯ ಮಗ್ಗುಲಲ್ಲೇ ಹುಟ್ಟಿದವಳು. ಹಾಗಾಗಿ ನನ್ನ ಕಾಲು ಅವರ ಪರೀಕ್ಷೆಯಿಂದ ಪಾರಾಗಿತ್ತು, ಬಣ್ಣಕ್ಕೆ ಮಾತ್ರ ಮೂಗು ಮುರಿದಿದ್ದರಂತೆ.

ಕುರುಗೋಡಿನ ದೊಡ್ಡಬಸಪ್ಪನವರ ಮಗಳು ಶಿವಬಸಮ್ಮನನ್ನು ನೋಡಲು ಅತ್ತೆ ಒಪ್ಪಿದ್ದೇ ಹೆಚ್ಚು. ಹುಡುಗಿ ಲಕ್ಷಣವಾಗಿದ್ದಾಳೆ, ಮನೆತನ ದೊಡ್ಡದು ಎಂದು ನನ್ನ ಯಜಮಾನರೇ ಹೇಳಿ ಹೇಳಿ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಹುಡುಗಿ ಬಂದು ನಮಸ್ಕಾರ ಮಾಡಿದ ಕೂಡಲೇ ಅತ್ತೆ, "ತಂಗೀ, ಕಾಲು ತೊಳಕೊಂಡು ಒಂದು ಕೊಡ ನೀರು ತಗೊಂಡು ಬಾರವ್ವ" ಎಂದರು. ಅವಳು ಕೊಡ ಹೊತ್ತು ಒದ್ದೆ ಕಾಲಿನಲ್ಲಿ ಪಡಸಾಲೆಗೆ ಬಂದಳು.

"ನಿರಿಗಿ ಒಂದೀಟು ಎತ್ತವ್ವ. ನಾಚಿಗಿ ಏನು, ನಾನೂ ಹೆಂಗಸು ಅದೀನಿ."

ಗಂಡಸರು ಬೇರೆ ಕಡೆ ನೋಡಿದರು. ಹುಡುಗಿ ತಲೆ ತಗ್ಗಿಸಿ ಸೀರೆಯನ್ನು ಮೊಣಕಾಲ ಕೆಳಗಿನ ತನಕ ಎತ್ತಿ ನಿಂತಳು. ಅತ್ತೆ ಬಗ್ಗಿ, ಸಂತೆಯಲ್ಲಿ ಎತ್ತು ನೋಡಿದ ಹಾಗೆ, ಹಿಮ್ಮಡಿ, ಹರಡು, ಮೀನಖಂಡ ಎಲ್ಲ ನೋಡಿದರು. ನನಗೆ ಮೈಯೆಲ್ಲ ಮುಳ್ಳಾಯಿತು. ಕಾಲು ಹಾಲಿನ ಹಾಗಿತ್ತು, ಒಂದು ಕಲೆ ಇರಲಿಲ್ಲ. ಆದರೂ ಅತ್ತೆ ಹೊರಡುವಾಗ ಬಾಗಿಲಲ್ಲಿ ನಿಂತು ಹುಡುಗಿಯ ತಾಯಿಗೆ ಕೇಳುವಂತೆ ಹೇಳಿದರು.

"ಈಗೇನೋ ಚಲೋ ಐತಿ. ಮದಿವಿಗೆ ಮುಂಚೆ ಕಾಲಾಗ ಏನಾರ ಎದ್ದಿತ್ತಂದ್ರ ನಮಗೂ ನಿಮಗೂ ಸಂಬಂಧ ಇಲ್ಲ, ಈಗ ಹೇಳೀನಿ."

ದೊಡ್ಡಬಸಪ್ಪನವರಿಗೆ ಆ ಮಾತು ನಾಟಿತು. ನಮ್ಮನ್ನು ತೋಟಕ್ಕೆ ಕರೆದುಕೊಂಡು ಹೋಗಿ ತಮ್ಮ ಬಾವಿ ತೋರಿಸಿದರು. ಕಲ್ಲಿನ ಮೆಟ್ಟಿಲ ಬಾವಿ, ಮೂರು ಕಡೆ ಬೇವಿನ ನೆರಳು, ಕೆಳಗೆ ಹಸಿರು ಛಾಯೆಯ ನೀರು. "ಊರ ಬಾವಿಗೂ ನಮಗೂ ಸಂಬಂಧ ಇಲ್ರಿ ಬೀಗತೇರ. ನಮ್ಮ ಮನಿಯವ್ರು ಬಿಟ್ರ ಈ ಬಾವಿಗೆ ಯಾರೂ ಇಳಿಯಂಗಿಲ್ಲ. ನಿಶ್ಚೆ ಆದ ಹುಡಿಗಿ ಮದಿವಿ ತನಕ ದಿನಾ ಮಡೀಲೆ ಇಳಿದು ಲಿಂಗಪೂಜಿ ನೀರು ತರಬೇಕು, ಇದು ನಮ್ಮ ಮನಿ ಪದ್ಧತಿ" ಎಂದರು. ಅತ್ತೆ ಮೇಲಿನ ಮೆಟ್ಟಿಲ ಮೇಲೆ ನಿಂತು ಇಣುಕಿ ನೋಡಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿ ಮದುವೆ ನಿಶ್ಚಯವಾಯಿತು.

ಮದುವೆ ಹೆಣ್ಣಿನ ಮನೆಯಲ್ಲೇ ಆಯಿತು. ನಮ್ಮ ಓಣಿಗೆ ಓಣಿಯೇ ಬಂಡಿ ಕಟ್ಟಿಕೊಂಡು ಹೊರಟಿತ್ತು. ಗದ್ದಲದ ದಿನಗಳಲ್ಲಿ ಮುದುರಿಕೊಂಡಿದ್ದ ಜನ, ಹೊಟ್ಟೆ ತುಂಬ ಉಂಡು ಬಾಯಿ ತುಂಬ ಮಾತಾಡಲು ಕಾದಿತ್ತು. ಇಳಿಯುತ್ತಲೇ ಪಾನಕ. ಬೆಲ್ಲವನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕರಗಿಸಿ, ಬ್ರೂಸ್‌ಪೇಟೆಯಿಂದ ತರಿಸಿದ ಹೊಸ ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ಕಸಕಡ್ಡಿ ಇಲ್ಲದಂತೆ ಮಾಡಿದ್ದರು. ನಮ್ಮ ಅತ್ತೆ ಅದನ್ನು ನೋಡಿ ಬಂದು, "ಬೀಗರು ಮಡಿವಂತ್ರು" ಎಂದು ಮೆಚ್ಚಿದರು. ಸೋಸಿದ ಮೇಲೆ ತಣ್ಣಗಾಗಲೆಂದು ಕೊಡಗಟ್ಟಲೆ ಹೊಸ ನೀರನ್ನು ಬಾವಿಯಿಂದ ತಂದು ಸುರಿದರು. ನೆರೆಮನೆಯ ಕಾಡಸಿದ್ದಪ್ಪ, ಹೊಟ್ಟೆಬಾಕ, ಲೋಟ ಬಿಟ್ಟು ಚೆಂಬಿನಲ್ಲೇ ಕುಡಿದ. ಊಟಕ್ಕೆ ಹೋಳಿಗೆ, ಜೊತೆಗೆ ತೋಟದ ಸವತೆಕಾಯಿ, ಎಳೆಯ ಹಕ್ಕರಕಿ ಸೊಪ್ಪು, ಮೆಂತ್ಯ, ಎಲ್ಲ ಹಸಿಹಸಿ. ಮಣ್ಣು ಹೋಗಲೆಂದು ಬಾವಿಯ ನೀರಿನಲ್ಲಿ ಜಾಲಿಸಿ ತಂದದ್ದು. ಮಾವನವರು ಮಾತ್ರ ಪಾನಕ ಮುಟ್ಟಲಿಲ್ಲ. ತಮ್ಮ ವಸ್ತ್ರದಲ್ಲಿ ತಾವೇ ಸೋಸಿ, ಲಿಂಗಕ್ಕೆ ತೋರಿಸಿದ ನೀರಲ್ಲದೆ ಬೇರೆ ನೀರನ್ನು ಅವರು ಆಯುಷ್ಯದಲ್ಲೇ ಕುಡಿದವರಲ್ಲ. ನಾವು ಹಿಂದಿನಿಂದ ಆಡಿಕೊಂಡು ನಗುತ್ತಿದ್ದೆವು.

ಅರಿಶಿಣ ಮೆತ್ತಿದ ಕಾಲಿಗೆ ಬೆಳ್ಳಿಯ ಕಾಲ್ಗಡಗ ಹಾಕಿಕೊಂಡು ಶಿವಬಸಮ್ಮ ನಮ್ಮ ಮನೆಗೆ ಬಂದಳು. ಆ ಒಂದು ವರ್ಷ ನನ್ನ ಬಾಳಿನ ಒಳ್ಳೆಯ ವರ್ಷ. ಒಬ್ಬಳೇ ಅತ್ತೆಯ ಬಾಯಿಗೆ ಸಿಕ್ಕಿಕೊಂಡಿದ್ದವಳಿಗೆ ಜೊತೆ ಸಿಕ್ಕಿತ್ತು. ಬೆಳಗ್ಗೆ ಇಬ್ಬರೂ ಹೊಳೆಗೆ ಹೋಗುತ್ತಿದ್ದೆವು, ನೀರಿಗಿಂತ ಮಾತೇ ಹೆಚ್ಚು ಹೊತ್ತು ತರುತ್ತಿದ್ದೆವು. ಅವಳು ತವರಿನಿಂದ ಹಕ್ಕರಕಿ ಬೀಜ ತಂದು ಹಿತ್ತಲಲ್ಲಿ ಒಂದು ಮಡಿ ಮಾಡಿದ್ದಳು. ಸೊಪ್ಪು ಕಿತ್ತು, ಮಣ್ಣು ಕೊಡವಿ, ಬಿಸಿ ಜೋಳದ ರೊಟ್ಟಿ, ಉಳ್ಳಾಗಡ್ಡೆ, ಶೇಂಗಾ ಚಟ್ನಿಯ ಜೊತೆ ಕರಕರ ತಿನ್ನುವುದು. ಅತ್ತೆಯೂ ರುಚಿ ಹತ್ತಿಸಿಕೊಂಡು, "ಇನ್ನೀಟು ಕಿತ್ತಕೊಂಡು ಬಾರವ್ವ" ಎನ್ನುತ್ತಿದ್ದರು. ಎರ್ರಿಸ್ವಾಮಿಯಂತೂ ಗದ್ದೆಯಿಂದ ಸಂಜೆಗೆ ಬದಲು ಮಧ್ಯಾಹ್ನಕ್ಕೇ ಬರತೊಡಗಿದ್ದ. ನಾವು ನಕ್ಕರೆ ಎತ್ತಿಗೆ ದಣಿವಾಗಿದೆ ಎನ್ನುತ್ತಿದ್ದ.

ಮತ್ತೆ ಬೇಸಿಗೆ ಬಂತು. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಎರ್ರಿಸ್ವಾಮಿ ಕಾಲು ಹಿಡಿದುಕೊಂಡು ಕೂಗಿದ. ಚೇಳು ಕುಟುಕಿರಬೇಕೆಂದು ನಾವು ಹಾಸಿಗೆ ಕೊಡವಿದೆವು. ಹರಡಿನ ಮೇಲೊಂದು ಬೊಬ್ಬೆ ಎದ್ದಿತ್ತು. ಶಿವಬಸಮ್ಮ ಅದನ್ನು ನೋಡಿದಳು, ಅವಳ ಮುಖದ ಬಣ್ಣವೇ ಹೋಯಿತು. ಎದ್ದು ಹೋಗಿ ಬೇವಿನ ಕಡ್ಡಿ ತಂದಳು. ಅವನ ಹಿಂದೆಯೇ ನನ್ನ ಹಿಮ್ಮಡಿ ಉರಿಯತೊಡಗಿತು. ಆಮೇಲೆ ಓಣಿಯಲ್ಲಿ ಒಬ್ಬೊಬ್ಬರೇ. ಕಾಡಸಿದ್ದಪ್ಪನಿಗೆ ಎರಡೂ ಕಾಲಿಗೆ ಎದ್ದಿತು. ನನ್ನ ಯಜಮಾನರಿಗೆ ಏನೂ ಆಗಲಿಲ್ಲ, ಆ ಹುಳುವಿಗೆ ಅವರ ಮೇಲೆ ಯಾಕೆ ಅಷ್ಟು ಕರುಣೆಯೋ ನನಗೆ ಇಂದಿಗೂ ತಿಳಿದಿಲ್ಲ.

ಉರಿ ಉರಿಯೇ. ಸುಳ್ಳು ಹೇಳುವುದಿಲ್ಲ, ಅತ್ತಿದ್ದೇನೆ. ಆದರೂ ಆ ದಿನಗಳು ನೆನಪಾದರೆ ನಗು ಬರುತ್ತದೆ. ಸಂಜೆಗೆ ನಮ್ಮ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಕಾಲು ಚಾಚಿ ಸಾಲಾಗಿ ಕೂಡುತ್ತಿದ್ದೆವು. ಶಿವಬಸಮ್ಮ ಒಬ್ಬೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕೂತು, ಉಗುರುಬೆಚ್ಚನೆಯ ಬೇವಿನ ನೀರು ಸುರಿದು, ನೂಲನ್ನು ಕಡ್ಡಿಗೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು ತಿರುಗಿಸಿ ಬಟ್ಟೆ ಕಟ್ಟುತ್ತಿದ್ದಳು. ಯಾರ ನೂಲು ಎಷ್ಟು ಉದ್ದ ಬಂತೆಂದು ಪಂಥ. ಕಾಡಸಿದ್ದಪ್ಪ ಆಚೆ ಕಟ್ಟೆಯಿಂದಲೇ, "ನನ್ನವು ಎರಡು ಸೇರಿದ್ರ ಒಂದು ಪಂಚೀನ ಆಗತೈತಿ" ಎಂದು ಕೂಗುತ್ತಿದ್ದ. ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು, ಕಾಲು ಹುಣ್ಣಾದದ್ದು ಸಾಲದೆಂಬಂತೆ.

ಅತ್ತೆ ನಗಲಿಲ್ಲ. ಅವರ ಕಾಲು ಇನ್ನೂ ಚೊಕ್ಕಟವಾಗಿತ್ತು, ತಲೆ ಮಾತ್ರ ಬಿಸಿಯಾಗಿತ್ತು. ಹೊಳೆಯ ನೀರಿನ ಊರಿಗೆ ನಾರು ಬಂದದ್ದು ಹೇಗೆ? ಮೊದಲು ಮಣ್ಣಿಗೆ ಹಾಕಿದರು. ಕುರುಗೋಡಿನ ತೋಟದ ಮಣ್ಣು ಬರಿಗಾಲಲ್ಲಿ ತುಳಿದದ್ದರಿಂದ ಎಂದರು. ಆಮೇಲೆ ಹಸಿ ಸೊಪ್ಪಿಗೆ ಬಂದರು. ಆ ಹಕ್ಕರಕಿಯ ಬೇರಿನಲ್ಲೇ ನಾರಿದೆ, ಅದೇ ಹೊಟ್ಟೆಗೆ ಹೋಗಿ ಹುಳುವಾಗುತ್ತದೆ ಎಂದು ತೀರ್ಮಾನಿಸಿ, ಒಂದು ಬೆಳಗ್ಗೆ ಹಿತ್ತಲಿಗೆ ಹೋಗಿ ಮಡಿಯನ್ನೆಲ್ಲ ಕಿತ್ತೊಗೆದರು. ಅಂದಿನಿಂದ ಮನೆಯಲ್ಲಿ ಸವತೆಕಾಯಿಯನ್ನೂ ಬೇಯಿಸಿಯೇ ತಿನ್ನಬೇಕು. ಬೇಯಿಸಿದ ಸವತೆಕಾಯಿ ತಿಂದವರಿಗೇ ಗೊತ್ತು ಅದರ ಸಂಕಟ. ಶಿವಬಸಮ್ಮ ಬಾಡಿದ ಸೊಪ್ಪನ್ನು ಒಟ್ಟು ಮಾಡುತ್ತ, "ಸೊಪ್ಪಿಂದು ತಪ್ಪಿಲ್ರಿ ಅತ್ತಿ" ಎಂದಳು. "ಹಂಗಾರ ಯಾರದು?" ಎಂದು ಅತ್ತೆ ಗದರಿದರು. ಅವಳು ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದಳು.

ಆ ವಾರ ನನ್ನ ಯಜಮಾನರು ಬಳ್ಳಾರಿಯಿಂದ ಬಂದಾಗ ಒಬ್ಬ ಡಾಕ್ಟರನ್ನು ಕೇಳಿಕೊಂಡು ಬಂದಿದ್ದರು. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ಶಿವಬಸಮ್ಮ ಗೋಡೆಯ ಹತ್ತಿರ ಎರ್ರಿಸ್ವಾಮಿಯ ಕಾಲಿಗೆ ಬಟ್ಟೆ ಕಟ್ಟುತ್ತಿದ್ದಳು.

"ಇದು ನೀರಿಂದ ಬರೋದಂತ" ಎಂದರು ಇವರು. "ನಾರು ಎದ್ದ ಕಾಲು ನೀರಾಗ ಇಟ್ರ ಅದು ಮರಿ ಬಿಡತೈತಂತ. ನೀರಾಗ ಕಂಡೂ ಕಾಣದಂಥ ಸಣ್ಣ ಹುಳ ಇರತಾವಲ್ಲ, ಆ ಮರಿ ಅವುಗಳ ಹೊಟ್ಟಿ ಸೇರತೈತಿ. ಆ ನೀರು ಹಂಗ ಕುಡದವ್ರಿಗೆ ವರ್ಷ ತಿರುಗಿದ ಮ್ಯಾಲೆ ಕಾಲಾಗ ಏಳತೈತಂತ. ನೀವೆಲ್ಲಾ ಹೋದ ವರ್ಷ ಈ ಹೊತ್ತಿನಾಗ ಒಂದಽ ಕಡೆ ನೀರು ಕುಡದೀರೇನು ಅಂತ ಕೇಳಿದ್ರು."

ಮಲಗಿದವರೆಲ್ಲ ಮದುವೆಗೆ ಹೋದವರೇ ಎಂಬುದು ಆಗ ಒಟ್ಟಿಗೆ ಎಲ್ಲರಿಗೂ ಹೊಳೆಯಿತು.

"ಹಂಗಂದ್ರ ನಾನೂ ಬಂದಿದ್ದೆ. ನನಗ್ಯಾಕ ಇಲ್ಲ?" ಎಂದರು ಮಾವ.

"ಬಟ್ಟ್ಯಾಗ ಸೋಸಿ ಕುಡದ್ರ ಬರಂಗಿಲ್ಲಂತ ಅಪ್ಪಾ. ಆ ಹುಳ ಬಟ್ಟಿಗೆ ಸಿಕ್ಕತಾವ."

ಅತ್ತೆ ಸಿಡಿದರು. "ಪಾನಕಾನೂ ಸೋಸಿದ್ರು. ನನ್ನ ಕಣ್ಣಾರ ನೋಡೀನಿ."

"ಬೆಲ್ಲದ ನೀರು ಸೋಸಿದ್ರು ಅತ್ತಿ" ಎಂದಳು ಶಿವಬಸಮ್ಮ, ತಲೆಯೆತ್ತದೆ. "ಮ್ಯಾಲೆ ಸುರಿದ ತಣ್ಣೀರು ಸೋಸಿರಲಿಲ್ಲ."

ಅತ್ತೆ ಅವಳ ಕಡೆ ತಿರುಗಿದರು. ಅವರ ಬುದ್ಧಿ ಚುರುಕು, ಅದರಲ್ಲಿ ಸಂಶಯವಿಲ್ಲ. "ನಮ್ಮ ಮನಿಯವ್ರು ಬಿಟ್ರ ಯಾರೂ ಇಳಿಯಂಗಿಲ್ಲ ಅಂದಿದ್ನಲ್ಲ ನಿಮ್ಮಪ್ಪ. ಹಂಗಾರ ನಾರು ಯಾರ ಕಾಲಾಗ ಇತ್ತು?"

ಸುಳ್ಳು ಹೇಳಬಹುದಿತ್ತು. ಯಾರೋ ಕದ್ದು ಇಳಿದಿರಬೇಕು ಎನ್ನಬಹುದಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಹಾಗೆಯೇ ಎನ್ನುತ್ತಿದ್ದೆ. ಶಿವಬಸಮ್ಮ ಎದ್ದು ನಿಂತಳು. ಅಂದು ತವರಿನ ಪಡಸಾಲೆಯಲ್ಲಿ ನಿಂತಿದ್ದ ಹಾಗೆಯೇ ತಲೆ ತಗ್ಗಿಸಿ, ಸೀರೆಯನ್ನು ಒಂದಿಷ್ಟು ಎತ್ತಿ, ಎಡಗಾಲಿನ ಬೆಳ್ಳಿಯ ಕಾಲ್ಗಡಗವನ್ನು ಮೇಲಕ್ಕೆ ಸರಿಸಿದಳು. ಅದರಡಿಯಲ್ಲಿ ದುಂಡನೆಯ ಕಲೆ ಇತ್ತು.

"ನಂದ್ರಿ ಅತ್ತಿ" ಎಂದಳು.

ಅತ್ತೆ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. "ಬಂಡಿ ಕಟ್ಟಿಸ್ರಿ" ಎಂದರು ಅಷ್ಟೇ. "ತವರಿನಾಗ ಇರಲಿ. ನಾವಾಗಿ ಕರಿಯಾಕ ಬರೋತನ ಬರೋದು ಬ್ಯಾಡ." ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು, ಅವರು ಕರೆಯಲು ಹೋಗುವವರಲ್ಲ. ಮಾವ ಏನೋ ಹೇಳಹೋದರು, ಅತ್ತೆಯ ಕಣ್ಣು ನೋಡಿ ವಿಭೂತಿಯ ಗಟ್ಟಿ ಹುಡುಕತೊಡಗಿದರು. ಎರ್ರಿಸ್ವಾಮಿಯೋ, ಬಾಯಿಗೆ ಬೀಗ ಹಾಕಿಕೊಂಡು ಕಟ್ಟಿದ ಕಾಲನ್ನೇ ನೋಡುತ್ತ ಕೂತಿದ್ದ. ಅವನ ಕಾಲಿನ ಕಡ್ಡಿಗೆ ಅವಳೇ ಸುತ್ತಿದ ನೂಲಿತ್ತು. ನನಗೆ ಎದ್ದು ಹೋಗಿ ಅವನ ಕಿವಿ ಹಿಂಡಬೇಕೆನಿಸಿತ್ತು, ಆದರೆ ನನ್ನ ಕಾಲೂ ನೆಲಕ್ಕೆ ಊರುತ್ತಿರಲಿಲ್ಲ.

ಅವಳು ಹೋದ ಮೇಲೆ ಮನೆ ಭಣಭಣ ಎನ್ನತೊಡಗಿತು. ಕಟ್ಟೆಯ ಮೇಲಿನ ನಗು ನಿಂತಿತು. ನಮ್ಮ ನಮ್ಮ ಕಡ್ಡಿಯನ್ನು ನಾವೇ ಸುತ್ತಿಕೊಂಡೆವು. ನೀರನ್ನಂತೂ ಅತ್ತೆ ಈಗ ಹೊಳೆಯದಾದರೂ ಸೋಸಿಯೇ ಇಡಿಸುತ್ತಿದ್ದರು, ಆದರೆ ಬೇಯಿಸಿದ ಸವತೆಕಾಯಿ ತಪ್ಪಲಿಲ್ಲ. ಅವರಿಗೆ ಒಮ್ಮೆ ಹಿಡಿದ ಹಟ ಬಿಡುವ ಅಭ್ಯಾಸವಿರಲಿಲ್ಲ.

ನಮಗೆಲ್ಲ ವಾಸಿಯಾಗುತ್ತ ಬಂದಾಗ ಅತ್ತೆಯ ಮೀನಖಂಡದಲ್ಲಿ ಬೊಬ್ಬೆ ಎದ್ದಿತು. ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಎದ್ದು ತಾವೇ ನೂಲಿನ ತುದಿ ಹಿಡಿದು, ಸೀರೆಯ ದಾರ ಕಿತ್ತ ಹಾಗೆ ಒಂದೇ ಸಲ ಜಗ್ಗಿದರು. ಅದು ಹರಿದು ಅರ್ಧ ಒಳಗೇ ಉಳಿಯಿತು. ಸಂಜೆಗೆ ಕಾಲು ಬಾತು ಬಾಳೆದಿಂಡಿನಷ್ಟಾಗಿತ್ತು, ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಜ್ವರದಲ್ಲಿ ಬಡಬಡಿಸುತ್ತ, "ಆಕಿ ಎಲ್ಲ್ಯದಾಳ, ಕಡ್ಡಿ ತರಾಕ ಹೇಳು" ಎಂದರು. ಮರುಕ್ಷಣ ಸೆರಗನ್ನು ಬಾಯಿಗೆ ತುರುಕಿಕೊಂಡರು. ಬಳ್ಳಾರಿಗೆ ಕರೆದೊಯ್ಯೋಣವೆಂದರೆ, ಪರಗಂಡಸಿನ ಕೈಗೆ ಕಾಲು ಕೊಡುವುದಿಲ್ಲ ಎಂದು ಮಂಚದ ಪಟ್ಟಿ ಹಿಡಿದು ಮಲಗಿದರು. ನನಗೆ ಹೆದರಿಕೆಯಾಯಿತು. ಆ ಬಾಯಿಗೆ ಎಷ್ಟು ಅತ್ತಿದ್ದೇನೋ, ಆ ಬಾಯಿ ಇಲ್ಲದ ಮನೆಯನ್ನು ನೆನೆಸಿಕೊಳ್ಳಲು ಆಗಲಿಲ್ಲ. ಮಾವನವರ ಹತ್ತಿರ ಹೋಗಿ, "ನಾ ಕುರಗೋಡಿಗೆ ಹೊಂಟೀನ್ರಿ, ಅತ್ತೀನ್ನ ಕೇಳಂಗಿಲ್ಲ" ಎಂದೆ. ಮಾವ ಆ ದಿನ ಮೊದಲ ಸಲ ಗಂಡಸಿನ ಹಾಗೆ, "ಹೋಗವ್ವ, ಎರ್ರಿಸ್ವಾಮೀನ್ನೂ ಕರಕೊಂಡು ಹೋಗು" ಎಂದರು.

ಕುರುಗೋಡಿನಲ್ಲಿ ದೊಡ್ಡಬಸಪ್ಪನವರು ಕಾಲು ಚಾಚಿಕೊಂಡು ಕೂತಿದ್ದರು, ಅವರ ಮನೆಯಲ್ಲೂ ಅದೇ ಕಥೆ. ಬಾಯಿ ತುಂಬ ಮಾತಾಡುತ್ತಿದ್ದವರು ತೋಟದ ಕಡೆ ಕೈ ತೋರಿಸಿದರು. ಶಿವಬಸಮ್ಮ ಬಾವಿಯ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಕೆಳಗೆ ನೀರು ಅದೇ ಹಸಿರಾಗಿ, ಅದೇ ತಣ್ಣಗೆ ಕಾಣುತ್ತಿತ್ತು. ನನಗೂ ಇಳಿದು ಕಾಲು ಇಟ್ಟುಕೊಂಡು ಕೂಡಬೇಕೆನ್ನುವ ಆಸೆ ಹುಟ್ಟಿತು, ಅಷ್ಟು ಚೆಂದದ ಬಾವಿ ಅದು. ನಾನು ಅವಳ ಪಕ್ಕ ಕೂತೆ.

"ಯಾಕ ಇಳಿದೆವ್ವ ನೀನು? ಉರಿ ತಡಿಲಾರದಽ?"

"ತಣ್ಣೀರಾಗ ಇಟ್ರ ಉರಿ ಹೋಗತಿತ್ತು ಅಕ್ಕಾ, ಇಲ್ಲ ಅನ್ನಂಗಿಲ್ಲ" ಎಂದಳು. "ಮದಿವಿಗೆ ಒಂದು ವರ್ಷ ಮುಂಚೆ ಬೇಸಿಗ್ಯಾಗ ಸೋದರತ್ತಿ ಊರಿಗೆ ಹೋಗಿದ್ದೆ, ಅಲ್ಲಿಂದ ಬಂದದ್ದು ಅದು. ನಮ್ಮೂರಾಗ ನಾರು ಎದ್ದೋರು ಮನ್ಯಾಗ ಮಕ್ಕೋತಾರ, ಯಾರೂ ಬಾವಿಗಿಳಿಯಂಗಿಲ್ಲ, ನಡಿಯಾಕ ಆಗಬೇಕಲ್ಲ. ನಾನೂ ಮಕ್ಕೋತಿದ್ದೆ. ಆದ್ರ ಪೂಜಿ ನೀರು ತರೋ ಹುಡಿಗಿ ಒಂದಿನ ತರದಿದ್ರ ಯಾಕ ಅಂತ ಕೇಳತಾರ. ಕೇಳಿದ ಮಾತು ಸಿರಗುಪ್ಪಕ್ಕ ಮುಟ್ಟಾಕ ಎಷ್ಟು ಹೊತ್ತು? ಅತ್ತಿ ಹೇಳಿ ಹೋಗಿದ್ರಲ್ಲ. ಅವ್ವಗೂ ಹೇಳಲಿಲ್ಲ. ಹಲ್ಲು ಕಚ್ಚಿ ದಿನಾ ಇಳಿದೆ. ಮದಿವಿ ಇನ್ನೇನು ಬಂತು ಅನ್ನಾಗ ಪೂರಾ ಹೊರಗ ಬಂತು."

ಬಾವಿಯ ಕಟ್ಟೆಯಾಚೆ ಬೇವಿನ ಮರದ ಕೆಳಗೆ ನಿಂತು ಎರ್ರಿಸ್ವಾಮಿಯೂ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಬಂದು ಅವಳ ಮುಂದೆ ನಿಂತು, "ನಡಿ, ಮನಿಗೆ ಹೋಗೋಣ. ಇನ್ನ ಯಾರು ಬ್ಯಾಡಂದ್ರೂ ನಾ ಸುಮ್ನ ಕುಂದ್ರಂಗಿಲ್ಲ" ಎಂದ. ತಡವಾಗಿ ಬಂದರೂ ಮಾತು ಬಂತಲ್ಲ ಎಂದುಕೊಂಡೆ.

ನಾವು ಮನೆ ಮುಟ್ಟಿದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಶಿವಬಸಮ್ಮ ಏನೂ ಕೇಳದೆ ಕೈಕಾಲು ತೊಳೆದು ಬಂದು, ಆ ಬಾತ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೇವಿನ ನೀರಿನ ಕಾವು ಕೊಟ್ಟಳು, ಕೀವು ಒರೆಸಿದಳು, ತೊಳೆದ ನೀರನ್ನು ಬಿಸಿಲು ಬಡಿಯುವ ಗಟ್ಟಿ ನೆಲಕ್ಕೆ ಒಯ್ದು ಚೆಲ್ಲಿದಳು. ಬೆಳಗ್ಗೆ ಸಂಜೆ ಅದೇ. ಅತ್ತೆ ನೋವಿಗೆ ಮುಲುಗಿದರೇ ಹೊರತು ಅವಳೊಂದಿಗೆ ಮಾತಾಡಲಿಲ್ಲ. ಕೊನೆಗೆ ಒಳಗುಳಿದಿದ್ದ ನೂಲಿನ ತುದಿ ಮತ್ತೆ ಹೊರಗೆ ಇಣುಕಿತು. ಅವಳು ಅದನ್ನು ಕಡ್ಡಿಗೆ ಸಿಕ್ಕಿಸಿದ ದಿನ ಜ್ವರ ಬಿಟ್ಟಿತು.

ಜ್ವರ ಬಿಡುತ್ತಲೇ ಹಳೆಯ ಬಾಯಿ ಬಂತು. "ಕಾಲಾಗ ನಾರು ಇಟ್ಕೊಂಡು ಬಾವಿಗಿಳಿದಾಕಿ, ಈಗ ಸೇವಾ ಮಾಡಾಕ ಬಂದಾಳ" ಎಂದರು. ಶಿವಬಸಮ್ಮ ತಲೆ ತಗ್ಗಿಸಿಕೊಂಡು ಸುತ್ತುತ್ತಲೇ ಇದ್ದಳು. ನನಗೆ ತಡೆಯಲಿಲ್ಲ. ಹಿರಿಯ ಸೊಸೆಯಾಗಿ ಅಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ಆಕಿ ಯಾಕ ಇಳಿದ್ಲು ಗೊತ್ತೈತೇನ್ರಿ ಅತ್ತಿ? ನಿಮ್ಮ ಕಣ್ಣಿಗೆ ಹೆದರಿ. ಕಾಲಾಗ ಏನಾರ ಎದ್ರ ಸಂಬಂಧ ಇಲ್ಲ ಅಂತ ಬಾಗಲಾಗ ನಿಂತು ಹೇಳಿದೋರು ಯಾರು? ಹಂಗ ಹೇಳದಿದ್ರ ಆಕಿ ಎಲ್ಲಾರಂಗ ಮನ್ಯಾಗ ಮಕ್ಕೋತಿದ್ಲು. ಬಾವಿ ಕೆಡತಿರಲಿಲ್ಲ, ಓಣಿ ಬೀಳತಿರಲಿಲ್ಲ, ನಿಮ್ಮ ಕಾಲೂ ನೆಟ್ಟಗಿರತಿತ್ತು."

ಶಿವಬಸಮ್ಮ "ಅಕ್ಕಾ, ಸುಮ್ಕಿರು" ಎಂದು ನನ್ನ ಕೈ ಹಿಡಿದಳು. ಇವತ್ತು ನನಗೂ ಬಂಡಿ ಕಟ್ಟಿಸುತ್ತಾರೆ ಎಂದುಕೊಂಡೆ. ಅತ್ತೆ ಮತ್ತೆ ಗೋಡೆಯ ಕಡೆ ತಿರುಗಿದರು. ಕಾಲನ್ನು ಮಾತ್ರ ಅವಳ ತೊಡೆಯ ಮೇಲಿಂದ ತೆಗೆಯಲಿಲ್ಲ.

ತಪ್ಪಾಯಿತೆಂದು ಅವರು ಎಂದೂ ಹೇಳಲಿಲ್ಲ. ಆ ತಲೆಮಾರಿನ ಅತ್ತೆಯರಿಗೆ ಆ ಮಾತು ಬರುತ್ತಿರಲಿಲ್ಲ. ಆದರೆ ಮಳೆ ಬಿದ್ದ ಮೇಲೆ ಒಂದು ದಿನ ಹಿತ್ತಲಿಗೆ ಹೋಗಿ ನೋಡಿದರೆ ಅತ್ತೆ ಕೋಲೂರಿಕೊಂಡು ನಿಂತು ಆಳಿನ ಕೈಯಿಂದ ಮಡಿ ಅಗೆಸುತ್ತಿದ್ದರು. "ಹಕ್ಕರಕಿ ಬೀಜ ಎಲ್ಲಿಟ್ಟೀಯವ್ವ?" ಎಂದು ಶಿವಬಸಮ್ಮನನ್ನು ಕೂಗಿದರು. ಸೊಪ್ಪನ್ನು ಸೋಸಿದ ನೀರಿನಲ್ಲಿ ತೊಳೆದು ತಿನ್ನಬೇಕೆಂದು ಕಟ್ಟಪ್ಪಣೆಯಾಯಿತು. ಆ ವರ್ಷದ ಹಕ್ಕರಕಿಯಷ್ಟು ರುಚಿಯಾದದ್ದನ್ನು ಮತ್ತೆ ನಾನು ತಿಂದಿಲ್ಲ. ಕುರುಗೋಡಿನಲ್ಲಿ ದೊಡ್ಡಬಸಪ್ಪನವರು ಬಾವಿಯ ಮೆಟ್ಟಿಲಿಗೆ ಗೋಡೆ ಎಬ್ಬಿಸಿ, ಮೇಲೆ ರಾಟೆ ಹಾಕಿಸಿದರು. ಒಳ್ಳೆಯದೇ ಆಯಿತು. ಆದರೂ ಆ ಬೇವಿನ ನೆರಳಿನ ಮೆಟ್ಟಿಲು ಇಲ್ಲವಾದದ್ದು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಮೈಲಾರಪ್ಪನಿಗೆ ಹೆಣ್ಣು ನೋಡುವ ಹೊತ್ತಿಗೆ ಹೊಳೆಗೆ ಕಟ್ಟುತ್ತಿದ್ದ ದೊಡ್ಡ ಆಣೆಕಟ್ಟು ಮುಗಿಯುತ್ತ ಬಂದಿತ್ತು. ಹುಡುಗಿಯದು ಆಲೂರು ಕಡೆಯ ಒಂದು ಹಳ್ಳಿ, ಬಾವಿ ನೀರಿನ ಊರು. ಸೊಸೆಯರಿಬ್ಬರನ್ನೂ ಕರೆದುಕೊಂಡು ಅತ್ತೆ ಕುಂಟುತ್ತ ಬಂಡಿ ಇಳಿದರು. ನಮ್ಮ ಅತ್ತೆಯ ಪರೀಕ್ಷೆಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ನಾವು ಚಾಪೆಯ ಮೇಲೆ ಕೂತ ಕೂಡಲೇ ಆ ತಾಯಿ ಮಗಳನ್ನು ಮುಂದೆ ತಂದು ನಿಲ್ಲಿಸಿ, ಕೇಳುವ ಮುಂಚೆಯೇ, "ಎತ್ತು, ತೋರ್ಸು" ಎಂದು ಪಿಸುಗುಟ್ಟಿದಳು. ಹುಡುಗಿ ನಿರಿಗೆ ಹಿಡಿದಳು. ನಾನು ಶಿವಬಸಮ್ಮನ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು.

"ಬಿಡವ್ವ, ಇಳಿಸು" ಎಂದರು ಅತ್ತೆ. "ಕಾಲು ನೋಡಾಕ ಬಂದಿಲ್ಲ ನಾವು. ಬಾಯಾರೈತಿ, ಒಂದೀಟು ನೀರು ಕೊಡು."

ಹುಡುಗಿ ಚೆಂಬು ತಂದಳು. ಅತ್ತೆ ಸೊಂಟದಿಂದ ಮಡಿಸಿಟ್ಟ ಮಲ್‌ಮಲ್ ಬಟ್ಟೆ ತೆಗೆದು ಶಿವಬಸಮ್ಮನ ಕೈಗೆ ಕೊಟ್ಟರು. ಅವಳು ಲೋಟದ ಬಾಯಿಗೆ ಬಟ್ಟೆ ಹಿಡಿದು ಸೋಸತೊಡಗಿದಳು. ಅತ್ತೆ ಹುಡುಗಿಯನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು.

"ಮದಿವಿಗೆ ಮುಂಚೆ ಕಾಲಾಗ ಏನಾರ ಎದ್ದಿತ್ತಂದ್ರ ಮುಚ್ಚಿಡಬ್ಯಾಡ ತಂಗೀ, ನೀರಿಗೂ ಇಳಿಬ್ಯಾಡ. ನಮಗ ಹೇಳಿ ಕಳಸು. ಮದಿವಿ ಮುಂದಕ್ಕ ಹಾಕೋಣಂತ, ಅದಕ್ಕೇನು. ನಮ್ಮ ಶಿವಬಸಿ ಬಂದು ಸುತ್ತತಾಳ. ಆಕಿ ಕೈ ಭಾಳ ಮೆತ್ತಗೈತಿ."

ಶಿವಬಸಮ್ಮನ ಕೈ ನಿಂತೇಹೋಯಿತು. ಚೆಂಬಿನಿಂದ ನೀರು ಬೀಳುತ್ತಲೇ ಇತ್ತು, ಲೋಟ ತುಂಬಿ, ಅವಳ ಸೀರೆಯ ಮೇಲೆ ಹರಿಯಿತು. ಅತ್ತೆ ಅವಳ ಕಡೆ ನೋಡದೆಯೇ ಕೈ ಚಾಚಿ ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಪೂರ್ತಿ ಕುಡಿದರು.